ಹತ್ತರ ವೇಗ ಮತ್ತು ಒಂದು ಲಿಂಬೆಹಣ್ಣು

ನಾಗರ ಪಂಚಮಿ ಕಳೆದ ಮೊದಲ ಭಾನುವಾರ ಅವ್ವನನ್ನು ಕರೆದುಕೊಂಡು ಚಿಂಚೋಳಿಗೆ ಹೆಣ್ಣು ನೋಡಲು ಹೋಗಿದ್ದೆ. ಚುರುಮುರಿ ಸುಸಲಾ ಬಂತು, ಮಿರ್ಚಿ ಭಜಿ ಬಂತು, ಚಹಾ ಬಂತು, ಕೊನೆಗೆ ಹುಡುಗಿಯೂ ಬಂದು ಎದುರಿನ ಕುರ್ಚಿಯಲ್ಲಿ ಕುಳಿತಳು. ಅಡುಗೆ ಬರುತ್ತದೆಯೇ ಎಂದು ಅವ್ವ ಬಾಯಿ ತೆರೆಯುವುದರೊಳಗೆ ಆಕೆಯೇ ನನ್ನ ಕಡೆ ತಿರುಗಿ ಕೇಳಿದಳು.

"ನೀವು ಓಡ್ತೀರೇನ್ರಿ?"

ನನ್ನ ಬಾಯಲ್ಲಿ ಸುಸಲಾ ಇತ್ತು. ಉತ್ತರವನ್ನು ಅವ್ವನೇ ಕೊಟ್ಟಳು.

"ಅಂವ ಯಾಕ ಓಡ್ತಾನವ್ವಾ? ಅವಗ ಬೈಕ್ ಅದ."

ಬಾಗಿಲ ಬಳಿ ನಿಂತಿದ್ದ ಹೆಂಗಸರೆಲ್ಲ ನಕ್ಕರು. ಹುಡುಗಿಯೂ ನಕ್ಕಳು, ಆದರೆ ಪ್ರಶ್ನೆಯನ್ನು ಬಿಡಲಿಲ್ಲ. ಆಕೆ ಚಿಮ್ಮನಚೋಡದ ಶಾಲೆಯಲ್ಲಿ ಪಿ.ಟಿ. ಟೀಚರ್. ದಿನಾ ಬೆಳಿಗ್ಗೆ ಊರ ಹೊರಗಿನಿಂದ ಡ್ಯಾಮಿನ ತನಕ ಐದು ಕಿಲೋಮೀಟರ್ ಓಡುತ್ತಾಳೆ, ಅರ್ಧ ತಾಸಿನಲ್ಲಿ. ಇದನ್ನೆಲ್ಲ ಹೇಳಿ, ಬಹಳ ಸಮಾಧಾನದಿಂದ ತನ್ನ ಶರತ್ತನ್ನೂ ಹೇಳಿದಳು.

"ಮದುವಿ ಆದ ಮ್ಯಾಲೂ ನಾ ಓಡಾಕೀನೇ. ಅದಕ್ಕ ಮೊದಲೇ ಹೇಳ್ಲಿಕತ್ತೀನಿ. ದಸರಾ ಸೂಟಿ ಮುಗಿಯೂ ಆದಿತ್ಯವಾರ ಒಂದು ಸಲ ನನ್ನ ಜೋಡಿ ಡ್ಯಾಮಿನ ತನಕ ಬರ್ರಿ. ನನಗ ಸೋಲಿಸೂದು ಬ್ಯಾಡ. ಹಾದಿ ತುಂಬ ಮಾತಾಡ್ಕೋತ ಬರಬೇಕು, ನಡುವ ನಿಂದರಬಾರದು. ಆಮ್ಯಾಲ ನಾ ಹೂಂ ಅಂತೀನೋ ಉಹೂಂ ಅಂತೀನೋ ಹೇಳ್ತೀನಿ."

ಆಕೆಯ ಕಾಕಾ ಹಣೆ ಬಡಿದುಕೊಂಡರು. "ಹಿಂಗ ಅಂದಂದೇ, ಮೊದಲ ನೋಡಾಕ ಬಂದ ಇಬ್ರು ಓಡಿ ಹೋಗ್ಯಾರ್ರಿ."

"ಓಡಿದ್ರ ಛಲೋ ಇತ್ತಲ್ಲ ಕಾಕಾ," ಎಂದಳು ಆಕೆ, "ಇಬ್ರೂ ಕಾರಿನಾಗ ಹೋದ್ರು."

ನನಗೆ ಆಕೆ ಇಷ್ಟವಾದದ್ದು ಆ ಮಾತಿಗೆ. ಮರಳಿ ಬರುವಾಗ ಬಸ್ಸಿನಲ್ಲಿ ಸೇಡಂ ದಾಟುವ ತನಕ ಅವ್ವ ಟಿಕೆಟಿನ ಚಿಲ್ಲರೆ ಎಣಿಸುತ್ತಿದ್ದಳು. ಚಿತ್ತಾಪುರದ ಹತ್ತಿರ ಬಂದಾಗ "ಬ್ಯಾರೆ ಕಡೆ ನೋಡೂಣು ತಮ್ಮಾ" ಎಂದಳು. ನಾನು ಬೇಡ ಎಂದೆ. ಅವ್ವ ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, "ಹಂಗಾದ್ರ ನಾಳಿಂದ ರೊಟ್ಟಿ ಎರಡೇ" ಎಂದಳು.

ನಾನು ವಾಡಿಯ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಗಂಟೆಗೊಮ್ಮೆ ಮಾದರಿ ತರುವುದು, ತೂಗುವುದು, ಸೋಸುವುದು, ಬರೆಯುವುದು. ಈ ಅಭ್ಯಾಸ ಮನೆಗೂ ಬಂದಿದೆ. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತಿದ್ದೇನೆ. ಅದರಲ್ಲಿ ಭಾವನೆಗಳು ಕಡಿಮೆ, ಲೆಕ್ಕ ಹೆಚ್ಚು. ಎಷ್ಟು ಹೊತ್ತಿಗೆ ಎದ್ದೆ, ಬೈಕು ಎಷ್ಟು ಮೈಲೇಜ್ ಕೊಟ್ಟಿತು, ಯಾವ ವಾರ ಎಷ್ಟು ಸಲ ಕರೆಂಟ್ ಹೋಯಿತು. ಆ ಭಾನುವಾರದ ಪುಟದಲ್ಲಿ ಹೀಗೆ ಬರೆದಿದ್ದೆ: "ಐದು ಕಿ.ಮೀ. ಅರ್ಧ ತಾಸು. ಅಂದರೆ ತಾಸಿಗೆ ಹತ್ತು. ಈಗಿನ ನನ್ನ ವೇಗ: ಗೊತ್ತಿಲ್ಲ."

ರಸ್ತೆಯಲ್ಲಿ ಓಡಿ ಗೊತ್ತುಮಾಡಿಕೊಳ್ಳಬಹುದಿತ್ತು. ಆದರೆ ನಮ್ಮ ರಸ್ತೆಯ ತುಂಬ ಲಾರಿಗಳು. ಲಾರಿಗಳ ಹಿಂದೆ ಧೂಳು, ಧೂಳಿನ ಹಿಂದೆ ನಾಯಿಗಳು. ಎರಡು ದಿನ ಪ್ರಯತ್ನಿಸಿ, ಮೂರನೆಯ ದಿನ ಜಿಮ್ಮಿಗೆ ಹೋದೆ.

ಜಿಮ್ ಅಂದರೆ ಹಿಂದೆ ಅದು ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಶೆಡ್. ತಗಡಿನ ಮಾಡು, ಉದ್ದನೆಯ ಹಾಲ್, ಕೆಳಗೆ ಕನ್ನಡಿಯಂತೆ ನುಣುಪಾದ ಕಪ್ಪು ಫರ್ಸಿ. ಪಾಲಿಶ್ ಮಷಿನ್ನುಗಳು ಹೋಗಿ ಡಂಬೆಲ್‌ಗಳು ಬಂದಿದ್ದವು. ಮಾಲೀಕರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಐವತ್ತು ದಾಟಿದ್ದರೂ ತೋಳುಗಳು ಮಾತ್ರ ಇಪ್ಪತ್ತೈದರವು. ಟ್ರೆಡ್‌ಮಿಲ್ ಒಂದೇ ಇತ್ತು. ಹೈದರಾಬಾದಿನಲ್ಲಿ ಮುಚ್ಚಿಹೋದ ಒಂದು ಜಿಮ್ಮಿನಿಂದ ತಂದದ್ದು. ಗೋಡೆಯ ದೊಡ್ಡ ಕನ್ನಡಿಗೆ ಮುಖ ಮಾಡಿ ನಿಲ್ಲಿಸಿದ್ದರು.

"ಏನು ಬೇಕಾಗ್ಯಾದ? ತೋಳಾ, ಎದಿಯಾ?" ಎಂದು ಉಸ್ತಾದ್ ಕೇಳಿದರು.

"ವೇಗ," ಎಂದೆ.

"ಯಾರು ಬೆನ್ನು ಹತ್ಯಾರ?"

ನಡೆದದ್ದನ್ನು ಹೇಳಿದೆ. ಉಸ್ತಾದ್ ಎರಡೂ ಕೈಯಿಂದ ತೊಡೆ ತಟ್ಟಿ ನಕ್ಕರು. "ಅರೇ ಲ್ಯಾಬ್ ಸಾಬ್, ನಮ್ಮ ಜಮಾನಾದಾಗ ಹುಡುಗಿ ಕಡೆಯವರು ಹುಡುಗನ ಪಗಾರ ಕೇಳ್ತಿದ್ರು. ಚಲ್, ಹತ್ರಿ ಮ್ಯಾಲ."

ಮೊದಲ ದಿನ ಆರರ ವೇಗದಲ್ಲಿ ಐದು ನಿಮಿಷ ಓಡಿ, ಎರಡೂ ಹಿಡಿಕೆಗಳನ್ನು ಅಪ್ಪಿಕೊಂಡು ನಿಂತೆ. ಇಳಿದ ಮೇಲೆ ನೆಲವೇ ಹಿಂದಕ್ಕೆ ಸರಿಯುತ್ತಿದೆ ಅನ್ನಿಸಿ ಡಂಬೆಲ್ ಇಡುವ ಕಟ್ಟೆಯ ಮೇಲೆ ಕುಳಿತೆ. ಎರಡನೆಯ ದಿನ ಕಾಲು ನೋಡಿಕೊಂಡು ಓಡಿದ್ದಕ್ಕೆ ಬೈಗುಳ. "ಕಾಲು ಎಲ್ಲೂ ಹೋಗಂಗಿಲ್ಲ, ನಿಮ್ಮ ಕೂಡೇ ಬರ್ತಾವ. ಕನ್ನಡಿ ನೋಡ್ರಿ." ಕನ್ನಡಿಯಲ್ಲಿ ಕಾಣುತ್ತಿದ್ದವನು ಬಸ್ಸು ತಪ್ಪಿಸಿಕೊಂಡವನ ಹಾಗಿದ್ದ.

ಉಸ್ತಾದರ ಪಾಠ ಸರಳವಾಗಿತ್ತು. ಒಂದು ನಿಮಿಷ ಜೋರು, ಎರಡು ನಿಮಿಷ ಸಾವಕಾಶ, ಮತ್ತೆ ಒಂದು ನಿಮಿಷ ಜೋರು. ಜೋರಿನ ಅಂಕಿಯನ್ನು ವಾರಕ್ಕೆ ಅರ್ಧ ಅಂಕಿಯಷ್ಟೇ ಏರಿಸಬೇಕು. ಆಸೆಗೆ ಬಿದ್ದು ಒಂದು ಏರಿಸಿದರೆ ಅವರು ಬಂದು ಕೆಂಪು ಗುಂಡಿ ಒತ್ತಿಬಿಡುತ್ತಿದ್ದರು. ಕರೆಂಟ್ ಹೋದಾಗಲೂ ಪಟ್ಟಾ ನಿಲ್ಲುತ್ತಿತ್ತು, ಆದರೆ ನಾನು ನಿಲ್ಲುತ್ತಿರಲಿಲ್ಲ. ಹಾಗೆ ಮೂರು ಸಲ ಅಂಕಿ ತೋರಿಸುವ ಮುಂದಿನ ಹಲಗೆಗೆ ಹೊಟ್ಟೆ ಬಡಿಸಿಕೊಂಡೆ. ಡೈರಿಯಲ್ಲಿ ಅದಕ್ಕೊಂದು ಬೇರೆಯೇ ಕಾಲಂ ಇತ್ತು.

ಮಷಿನ್ನಿಗೆ ನನ್ನ ಹಾಗೆ ಇನ್ನೊಬ್ಬರು ಹಕ್ಕುದಾರರಿದ್ದರು, ಬಜಾರಿನ ಕಿರಾಣಿ ಸಾವ್ಕಾರರು. ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಲು ಹೇಳಿದ್ದರು. ಅವರು ಮೂರರ ವೇಗದಲ್ಲಿ ನಡೆಯುತ್ತಾ, ಕಿವಿಗೆ ಫೋನ್ ಹಚ್ಚಿ ಅಂಗಡಿ ನಡೆಸುತ್ತಿದ್ದರು. "ಬೆಲ್ಲ ಎರಡು ಚೀಲ ಕಳಸು. ತೊಗರಿಬ್ಯಾಳಿ ಈಗ ಬ್ಯಾಡ, ರೇಟು ಇಳೀಲಿ." ನಾನು ಟವೆಲ್ ಹಿಡಿದು ಕಾಯುತ್ತಿದ್ದರೆ, "ಓಡ್ರಿ ಅಲ್ಲೇ ನಿಂತಲ್ಲೇ, ಮದುಮಗ" ಎನ್ನುತ್ತಿದ್ದರು. ಉಸ್ತಾದ್ ನನ್ನ ಕಥೆಯನ್ನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದರು. ಎರಡೇ ದಿನದಲ್ಲಿ ಇಡೀ ಜಿಮ್ಮಿಗೆ ಗೊತ್ತಿತ್ತು.

ಶ್ರಾವಣ ಮುಗಿಯುವಷ್ಟರಲ್ಲಿ ಏಳೂವರೆ, ಗಣಪತಿ ಕಳಿಸುವ ಹೊತ್ತಿಗೆ ಎಂಟೂವರೆ. ಪಿತೃಪಕ್ಷದಲ್ಲಿ ಒಂದು ವಾರ ರಾತ್ರಿ ಪಾಳಿ ಬಿದ್ದು ಅಂಕಿ ಕೆಳಗಿಳಿಯಿತು, ಮತ್ತೆ ಏರಿತು. ಆಕೆಯ ಜೊತೆ ಒಮ್ಮೊಮ್ಮೆ ಫೋನಿನಲ್ಲಿ ಮೆಸೇಜು ನಡೆಯುತ್ತಿತ್ತು. ನಾನು ಅಂಕಿ ಕಳಿಸುತ್ತಿದ್ದೆ, ಆಕೆ ಹೆಬ್ಬೆಟ್ಟಿನ ಚಿತ್ರ ಕಳಿಸುತ್ತಿದ್ದಳು. ಒಮ್ಮೆ ಮಾತ್ರ, "ಮಷಿನ್ ಮೇಲೆ ಗಾಳಿ ಇರುವುದಿಲ್ಲ, ಏರೂ ಇರುವುದಿಲ್ಲ, ನೆನಪಿರಲಿ" ಎಂದು ಬರೆದಿದ್ದಳು. ಅದನ್ನು ಓದಿ, ಪರವಾಗಿಲ್ಲ, ಟೀಚರ್ ಅಲ್ಲವೇ ಎಂದುಕೊಂಡೆ.

ಮಹಾನವಮಿಯ ಹಿಂದಿನ ದಿನ, ಮಂಗಳವಾರ, ಹತ್ತರ ವೇಗದಲ್ಲಿ ಪೂರಾ ಅರ್ಧ ತಾಸು ಓಡಿದೆ. ಹಲಗೆಯ ಮೇಲೆ ಐದು ಎಂದು ಮೂಡಿದಾಗ ಉಸ್ತಾದ್ ಶಿಳ್ಳೆ ಹೊಡೆದರು. ಸಾವ್ಕಾರರು ಫೋನಿನಲ್ಲಿದ್ದವರಿಗೆ "ಒಂದು ನಿಮಿಷ ತಡೀರಿ" ಎಂದು ಹೇಳಿ ಚಪ್ಪಾಳೆ ತಟ್ಟಿದರು. ಬರುವಾಗ ಅವ್ವನಿಗೆ ಪೇಡೆ ತಂದೆ. "ಹೂಂ ಅಂದ್ಳೇನು?" ಎಂದಳು. "ಇನ್ನ ಇಲ್ಲ, ಮಷಿನ್ ಹೂಂ ಅಂದದ," ಎಂದೆ. "ಹಂಗಾದ್ರ ಮಷಿನ್ನಿಗೇ ತಾಳಿ ಕಟ್ಟು," ಎಂದು ಹೇಳಿ ಎರಡು ಪೇಡೆ ತಿಂದಳು.

ಮರುದಿನ ಜಿಮ್ಮಿನಲ್ಲಿ ಖಂಡೆ ಪೂಜೆ. ಆಯುಧ ಇದ್ದವರು ಆಯುಧಕ್ಕೆ, ಲಾರಿ ಇದ್ದವರು ಲಾರಿಗೆ ಮಾಡುವ ಪೂಜೆಯನ್ನು ನಮ್ಮ ಹುಡುಗರು ಡಂಬೆಲ್‌ಗಳಿಗೆ ಮಾಡುತ್ತಾರೆ. ಉಸ್ತಾದರೇ ಹಿಂದಿನ ಸಂಜೆ ಎಲ್ಲವನ್ನೂ ತೊಳೆದು ಇಟ್ಟಿರುತ್ತಾರೆ. ಪೂಜೆಯ ಮುಂದಾಳು ಸಾವ್ಕಾರರು. ಡಂಬೆಲ್‌ಗಳಿಗೆ ವಿಭೂತಿ ಎಳೆದರು, ಕನ್ನಡಿಗೆ ಚೆಂಡುಹೂವಿನ ಮಾಲೆ ಹಾಕಿದರು, ತೆಂಗಿನಕಾಯಿ ಹಿಡಿದು ಟ್ರೆಡ್‌ಮಿಲ್ ಹತ್ತಿರ ಬಂದರು.

"ಸಾವ್ಕಾರ್ರ, ಕಾಯಿ ಹೊರಗ ಒಡೀರಿ," ಎಂದರು ಉಸ್ತಾದ್. "ನೀರು ಒಳಗ ಹೋದ್ರ ಮಷಿನ್ ಸೀದಾ ದೇವರ ಪಾದಕ್ಕ ಹೋಗ್ತದ."

"ಆತು, ಲಿಂಬಿಹಣ್ಣರ ಇಡಬಹುದಿಲ್ಲೋ?"

ಗಾಡಿಯ ಗಾಲಿಗೆ ಇಡುವ ಹಾಗೆ ಅವರು ಒಂದು ಲಿಂಬೆಹಣ್ಣನ್ನು ಪಟ್ಟಾದ ಹಿಂದಿನ ತುದಿಯಲ್ಲಿಟ್ಟು ಕೈ ಮುಗಿದರು. ಲಿಂಬೆಹಣ್ಣು ಒಂದು ಕ್ಷಣ ಯೋಚಿಸಿ, ಮೆಲ್ಲಗೆ ಮುಂದಕ್ಕೆ ಉರುಳುತ್ತಾ ಹೋಗಿ ಕನ್ನಡಿಯ ಕಡೆಯ ಮೋಟಾರಿನ ಮುಚ್ಚಳಕ್ಕೆ ತಾಗಿ ನಿಂತಿತು. ಅವರು ಮತ್ತೆ ತಂದು ಹಿಂದೆ ಇಟ್ಟರು. ಮತ್ತೆ ಹೋಯಿತು.

"ನೋಡ್ರಿ, ಮುಂದ ಹೋಗು ಅಂತದ ದೇವರು. ಭಾಳ ಶುಭ," ಎಂದರು ಸಾವ್ಕಾರರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಮೂರನೆಯ ಸಲ ಉರುಳಿದಾಗ ನನಗೆ ನಗು ಬರಲಿಲ್ಲ. ಲಿಂಬೆಹಣ್ಣನ್ನು ಎತ್ತಿಕೊಂಡು ಮಷಿನ್ನಿನ ಪಕ್ಕದ ಫರ್ಸಿಯ ಮೇಲಿಟ್ಟೆ. ಅದು ಅಲ್ಲಿಂದಲೂ ಹೊರಟಿತು. ಕನ್ನಡಿಯ ಕೆಳಗೆ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಇತ್ತು, ನೀರು ಹೊರಹೋಗಲು. ಸೀದಾ ಅದರ ಬಾಯಿಗೆ ಹೋಗಿ ನಿಂತಿತು.

"ಉಸ್ತಾದ್, ಈ ನೆಲಕ್ಕ ಢಾಳ ಅದ ಏನು?"

"ಇರಲಾರದೇ?" ಉಸ್ತಾದರ ಎದೆ ಉಬ್ಬಿತು. "ನಮ್ಮ ಅಬ್ಬಾ ನಿಂತು ಹಾಕಿಸಿದ್ದು. ಪಾಲಿಶ್ ನೀರು ಒಂದು ಹನಿ ನಿಂದರ್ತಿರಲಿಲ್ಲ. ಇಂಥಾ ಢಾಳ ಇಡೀ ವಾಡಿಯಾಗ..." ಮಾತು ಅಲ್ಲಿಗೇ ನಿಂತಿತು. ಅವರು ಲಿಂಬೆಹಣ್ಣನ್ನು ನೋಡಿದರು, ಮಷಿನ್ ನೋಡಿದರು, ನನ್ನನ್ನು ನೋಡಿದರು. "ಯಾ ಅಲ್ಲಾ."

"ಅಂದ್ರ ನಾ ಎರಡು ತಿಂಗಳಿಂದ ಇಳಿಜಾರಿನಾಗ ಓಡಾಕತ್ತೀನಿ."

"ಅದಕ್ಕೇ ನಾ ಅನಕೋತಿದ್ದೆ," ಎಂದರು ಸಾವ್ಕಾರರು, "ಮನ್ಯಾಗ ಪಾವಟಗಿ ಹತ್ತಿದ್ರ ಏದುಸಿರು ಬರ್ತದ, ಇಲ್ಲಿ ಯಾಕ ಬರಂಗಿಲ್ಲ ಅಂತ!"

ಇದು ನಮ್ಮ ಕಡೆಯವರಷ್ಟೇ ಮಾಡಬಹುದಾದ ತಪ್ಪು. ಫರ್ಸಿ ಹಾಸಿದ ಮೇಲೆ ಒಂದು ಕೊಡ ನೀರು ಸುರಿದು, ಅದು ಬಚ್ಚಲಿನ ಕಡೆ ಹರಿದರೆ ಮಾತ್ರ ನಾವು ಗೌಂಡಿಯನ್ನು ಮನೆಗೆ ಕಳಿಸುತ್ತೇವೆ. ನೆಲ ಎಂದರೆ ಇಳಿಜಾರು ಇರಲೇಬೇಕು. ಹುಟ್ಟಿದಾಗಿನಿಂದ ಅಂಥ ನೆಲದ ಮೇಲೆಯೇ ನಡೆದವರಿಗೆ ಅದು ಸಮತಟ್ಟಾಗಿಯೇ ಕಾಣುತ್ತದೆ. ಪ್ರಯೋಗಾಲಯದಲ್ಲಿ ದಿನಾ ಬೆಳಿಗ್ಗೆ ನಾನು ಮಾಡುವ ಮೊದಲ ಕೆಲಸವೇ ತಕ್ಕಡಿಯ ಮೂಲೆಯಲ್ಲಿ ಸಮತಟ್ಟು ತೋರಿಸುವ ಗಾಳಿಗುಳ್ಳೆ ನಡುವೆ ನಿಂತಿದೆಯೋ ಇಲ್ಲವೋ ನೋಡುವುದು. ಒಂದು ಗ್ರಾಂ ಸಿಮೆಂಟ್ ತೂಗುವ ತಕ್ಕಡಿಗೆ ಅಷ್ಟು ಮರ್ಯಾದೆ ಕೊಡುವವನು, ನನ್ನನ್ನೇ ಹೊತ್ತು ಓಡಿಸುವ ಮಷಿನ್ನಿಗೆ ಒಮ್ಮೆಯೂ ಕೊಡಲಿಲ್ಲ.

ಸೂಟಿ ಮುಗಿಯುವ ಭಾನುವಾರಕ್ಕೆ ಇನ್ನು ಹೆಚ್ಚು ದಿನಗಳಿರಲಿಲ್ಲ. ಅಂದೇ ಸಂಜೆ ಉಸ್ತಾದ್ ಹಿತ್ತಲಿನಿಂದ ಫರ್ಸಿಯ ತುಂಡುಗಳನ್ನು ತಂದರು. ನಾಲ್ಕು ಜನ ಸೇರಿ ಮಷಿನ್ನಿನ ಮುಂದಿನ ಕಾಲುಗಳನ್ನು ಎತ್ತಿ, ಒಂದೊಂದು ತುಂಡು ತೂರಿಸಿ, ಮತ್ತೆ ಲಿಂಬೆಹಣ್ಣು ಇಟ್ಟೆವು. ಅದು ನಿಂತಿತು. "ಬಸ್, ಸಮ ಆತು," ಎಂದರು ಉಸ್ತಾದ್.

"ಇನ್ನೊಂದು ತುಂಡು ಇಡ್ರಿ," ಎಂದೆ.

"ಯಾಕ?"

"ಡ್ಯಾಮಿನ ರಸ್ತಾ ಏರು ಅದ."

ಮರುದಿನ ಹತ್ತಕ್ಕೆ ಒತ್ತಿದೆ. ನಾಲ್ಕೇ ನಿಮಿಷಕ್ಕೆ ಹಿಡಿಕೆ ಅಪ್ಪಿಕೊಂಡು ನಿಂತೆ, ಮೊದಲ ದಿನದ ಹಾಗೆ. ಅರ್ಧ ತಾಸು ಓಡಲು ಆದದ್ದು ಎಂಟರಲ್ಲಿ. ಆ ಸಂಜೆಯೇ ಬನ್ನಿ ಕೊಡಲು ಬಂದ ಸಾವ್ಕಾರರು ನನ್ನ ಕೈಯಲ್ಲಿ ಎಲೆ ಇಟ್ಟು, "ಬಂಗಾರದಂಗ ಇರೂಣು" ಎಂದರು. ಆಮೇಲೆ ಮುಖ ನೋಡಿ, "ಹಿಂಗ ಹುಳ್ಳಗ ಇರಬ್ಯಾಡ್ರಿ, ನನಗೂ ಈಗ ಏದುಸಿರು ಬರಾಕತ್ಯಾದ" ಎಂದು ಸಮಾಧಾನ ಹೇಳಿದರು.

ಅವ್ವ ದಿನ ಮುಂದೆ ಹಾಕಲು ಹೇಳಿದಳು. "ಕಾಲು ಉಳುಕ್ಯಾದ ಅನ್ನು." ಉಸ್ತಾದ್ ಕೂಡ ಒಂದು ತಿಂಗಳು ಕೇಳು ಎಂದರು. ನನಗೂ ಆಸೆಯಾಯಿತು. ಆದರೆ ಆಕೆ ಕೇಳಿದ್ದು ಆ ಭಾನುವಾರ. ಕಾರಿನಲ್ಲಿ ಹೋದ ಇಬ್ಬರ ಸಾಲಿಗೆ, ಕಾಲು ಉಳುಕಿದ ಮೂರನೆಯವನಾಗಿ ಸೇರಲು ಮನಸ್ಸಾಗಲಿಲ್ಲ. ಉಳಿದ ದಿನಗಳಲ್ಲಿ ಎಂಟೂಕಾಲು ಆಯಿತು, ಎಂಟೂವರೆ ಆಯಿತು, ಹೊರಡುವ ಹಿಂದಿನ ದಿನ ಒಂಬತ್ತಕ್ಕೆ ಒಂದು ಕೂದಲು ಕಡಿಮೆ. ಹತ್ತು ಮತ್ತೆ ಕಾಣಲಿಲ್ಲ. ಮೆಸೇಜಿನಲ್ಲಿ ಅಂಕಿ ಕಳಿಸುವುದನ್ನೂ ನಿಲ್ಲಿಸಿದೆ. ಎದುರಿಗೇ ಹೇಳುವುದೆಂದು ನಿಶ್ಚಯಿಸಿದೆ.

ಶನಿವಾರ ರಾತ್ರಿ ಸೇಡಂನಲ್ಲಿ ಸೋದರತ್ತೆಯ ಮನೆಯಲ್ಲಿ ಮಲಗಿ, ನಸುಕಿನ ಮೊದಲ ಬಸ್ಸಿಗೆ ಚಿಂಚೋಳಿ ತಲುಪಿದೆ. ಆಕೆ ಊರ ಹೊರಗಿನ ಹುಣಸೆಮರದ ಕೆಳಗೆ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ಹಿಂದೆ ಆಕೆಯ ಕಾಕಾ ಬೈಕಿನ ಮೇಲೆ, ತಲೆಗೆ ಮಫ್ಲರ್, ಹ್ಯಾಂಡಲಿಗೆ ನೀರಿನ ಕ್ಯಾನು. ಹುಡುಗ ಹುಡುಗಿ ಇಬ್ಬರನ್ನೇ ಬಿಡುವ ಹಾಗಿಲ್ಲವಂತೆ, ಅದಕ್ಕೆ ಕಾವಲು.

"ನಾ ಒಂದು ಮಾತು ಹೇಳೂದದ," ಎಂದೆ.

"ಓಡ್ಕೋತ ಹೇಳ್ರಿ. ಅದಕ್ಕೇ ಅಲ್ಲೇನು ಬಂದಿದ್ದು?"

ಹೊರಟೆವು. ಎರಡೂ ಕಡೆ ತೊಗರಿ ಹೊಲ, ಅಲ್ಲಲ್ಲಿ ಹಳದಿ ಹೂವು ಬಿಡಲು ತೊಡಗಿತ್ತು. ಮೊದಲ ಎರಡು ಕಿಲೋಮೀಟರ್ ಚೆನ್ನಾಗಿಯೇ ಹೋಯಿತು. ಆಕೆ ಶಾಲೆಯ ಖೋ-ಖೋ ತಂಡದ ಸುದ್ದಿ ಹೇಳಿದಳು, ನಾನು ರಾತ್ರಿ ಪಾಳಿಯದು ಹೇಳಿದೆ. ಕಾಕಾನ ಬೈಕು ಹಿಂದಿನಿಂದ ಒಂದನೇ ಗೇರಿನಲ್ಲಿ ಗುರುಗುಡುತ್ತಾ ಬರುತ್ತಿತ್ತು. ಆಮೇಲೆ ರಸ್ತೆ ಏರಿತು. ಉಸ್ತಾದರ ಎರಡು ಫರ್ಸಿ ತುಂಡುಗಳಿಗಿಂತ ಬಹಳ ಹೆಚ್ಚು ಏರಿತು. ನನ್ನ ಮಾತುಗಳು ಕುಗ್ಗುತ್ತಾ ಬಂದು, ಕೊನೆಗೆ "ಹೂಂ" ಒಂದೇ ಉಳಿಯಿತು.

"ಮಾತು ನಿಂತವಲ್ರಿ," ಎಂದಳು. ಆಕೆಯ ಉಸಿರಿನಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ.

ಇನ್ನು ಹೇಳದೆ ದಾರಿಯಿರಲಿಲ್ಲ. "ನನ್ನ ಹತ್ತು..." ಎಂದೆ. ಉಸಿರು ತೆಗೆದುಕೊಂಡೆ. "ಸುಳ್ಳು..." ಮತ್ತೆ ಉಸಿರು. "ನೆಲಕ್ಕ... ಢಾಳ ಇತ್ತು."

"ಯಾವ ನೆಲ?"

"ಜಿಮ್ಮಿಂದು... ಲಿಂಬಿಹಣ್ಣು... ಉರುಳ್ತು."

ಆಕೆ ಓಡುತ್ತಲೇ ನನ್ನ ಕಡೆ ತಿರುಗಿದಳು. "ಯಾವ ಲಿಂಬಿಹಣ್ಣು?"

ಎರಡೆರಡು ಮಾತಿಗೆ ಒಂದು ಉಸಿರಿನಂತೆ ಎಲ್ಲವನ್ನೂ ಹೇಳಿದೆ. ಖಂಡೆ ಪೂಜೆ, ಸಾವ್ಕಾರರ ಶುಭ, ಉಸ್ತಾದರ ಅಬ್ಬಾ ನಿಂತು ಹಾಕಿಸಿದ ಇಳಿಜಾರು. "ದೇವರು... ಮುಂದ ಹೋಗು... ಅಂತದ..." ಎನ್ನುವಾಗ ಆಕೆಯ ಮೂಗಿನಿಂದ ಒಂದು ಶಬ್ದ ಬಂತು. "ನಾನೂ... ಎರಡು ತಿಂಗಳು... ಮುಂದ... ಇಳದೆ..." ಎಂದಾಗ ಆಕೆಯ ಹೆಜ್ಜೆ ತಪ್ಪಿತು. "ಪೇಡೆ... ಹಂಚೀನಿ..." ಎಂಬಲ್ಲಿಗೆ ಆಕೆ ಪಕ್ಕೆ ಹಿಡಿದುಕೊಂಡು, ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ನಾನು ನಿಲ್ಲಲಿಲ್ಲ. ಶರತ್ತು ಶರತ್ತೇ. ಆಕೆಯನ್ನು ದಾಟಿ ಹತ್ತು ಹೆಜ್ಜೆ ಮುಂದೆ ಓಡಿ, ಆಮೇಲೆ ತಿರುಗಿ ನಿಂತು ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿದೆ.

"ಮೊದಲ... ಯಾರು... ನಿಂತ್ರು?" ಎಂದೆ.

ಆಕೆ ನಗುತ್ತಲೇ ಕೈಯೆತ್ತಿ ತನ್ನ ಕಡೆ ತೋರಿಸಿಕೊಂಡಳು.

ಕಾಕಾ ಬೈಕು ನಿಲ್ಲಿಸಿ ಗಾಬರಿಯಿಂದ ಇಳಿದರು. "ಏನಾತವ್ವಾ? ಅಳಾಕತ್ತೀಯೋ ನಗಾಕತ್ತೀಯೋ? ನೀನು ಈ ರಸ್ತಾದಾಗ ಒಂದಿನಾನೂ ಕುಂತಾಕೀನೇ ಅಲ್ಲಲ್ಲ!" ಆಮೇಲೆ ನನ್ನ ಕಡೆ ಅನುಮಾನದಿಂದ ನೋಡಿದರು. "ಏನಂದ್ರಿ ಆಕಿಗೆ?"

"ಲಿಂಬಿಹಣ್ಣಿಂದು ಹೇಳಿದೆ ಕಾಕಾ."

ಅದಕ್ಕೆ ಆಕೆ ಮತ್ತೊಮ್ಮೆ ಶುರು ಮಾಡಿದಳು. ಕಾಕಾ ಕ್ಯಾನಿನಿಂದ ನೀರು ಕೊಟ್ಟರು. ಆಕೆ ಕುಡಿದು, ಕ್ಯಾನನ್ನು ನನಗೆ ದಾಟಿಸಿ, ಮುಖ ಒರೆಸಿಕೊಂಡು ಎದ್ದಳು. ಡ್ಯಾಮು ಇನ್ನೂ ದೂರವಿತ್ತು.

"ನಡಕೋತ ಹೋಗೂಣೇನ್ರಿ?" ಎಂದು ನನ್ನನ್ನು ಕೇಳಿದಳು. ಆಮೇಲೆ ಕಾಕಾನ ಕಡೆ ತಿರುಗಿದಳು. "ಕಾಕಾ, ನೀ ಗಾಡಿ ತಗೊಂಡು ಮನಿಗೆ ಹೋಗು. ನಾವು ಬರ್ತೀವಿ."

"ನೀವಿಬ್ರೇ? ಹಂಗ ಹ್ಯಾಂಗ ಬಿಡ್ಲಿ? ಮಂದಿ ಏನಂತಾರ?"

"ಏನೂ ಅನ್ನಂಗಿಲ್ಲ. ನೀ ಹೋಗಿ ಮನ್ಯಾಗ ಆಯಿಗೆ ಹೇಳು, ಸಿಹಿ ಊಟ ಆಗಲಿ, ಹುಗ್ಗಿಗೆ ಗೋಧಿ ಹಾಕು ಅಂತ."

"ಹುಗ್ಗಿನಾ?" ಎಂದು ಕಾಕಾ ಹುಬ್ಬೇರಿಸಿದರು. ಆಮೇಲೆ ಮಫ್ಲರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಬೈಕು ತಿರುಗಿಸಿದರು. ಏರು ರಸ್ತೆ ಅಲ್ಲಿಂದ ಊರಿನ ಕಡೆ ಇಳಿಯುತ್ತಿತ್ತು. ಎಂಜಿನ್ ಕೂಡ ಹಚ್ಚದೆ, ಲಿಂಬೆಹಣ್ಣಿನ ಹಾಗೆ ತನ್ನಷ್ಟಕ್ಕೆ ಉರುಳುತ್ತಾ ಹೊರಟ ಬೈಕಿನಿಂದ ಅವರು ಹೊಲದಲ್ಲಿದ್ದ ಯಾರಿಗೋ ಕೂಗಿ ಹೇಳುವುದು ನಮಗೆ ಇಲ್ಲಿಯ ತನಕ ಕೇಳಿಸಿತು.

"ಹೂಂ ಅಂದಾಳಪ್ಪೋ!"